ಗೂಗಲ್ ಕ್ಲಾಸ್‌ರೂಮ್‌ನಲ್ಲಿ ವ್ಯವಹಾರ ಪತ್ರ: ಲಾಕ್‌ಡೌನಿನಿಂದ ಇಲ್ಲಿಯವರೆಗಿನ ಬಳಕೆ

ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಬಿಸಿನೆಸ್ ಕಮ್ಯುನಿಕೇಶನ್ ಕಲಿಸುವ ನಾನು 2020ರಲ್ಲಿ ಬೇರೆ ದಾರಿಯಿಲ್ಲದೆ, ಅಭ್ಯಾಸಗಳನ್ನು ಆನ್‌ಲೈನಿನಲ್ಲಿ ಕೊಟ್ಟು ತಿದ್ದುವ ಗೂಗಲ್ ಕ್ಲಾಸ್‌ರೂಮ್ ಹಿಡಿದವಳು. ಪಾಠಗಳು ಕೊಠಡಿಗೆ ಮರಳಿ ವರ್ಷಗಳೇ ಆದರೂ ಪತ್ರಲೇಖನವನ್ನು ಮಾತ್ರ ಅಲ್ಲಿಯೇ ಉಳಿಸಿಕೊಂಡಿದ್ದೇನೆ.

ಅದಕ್ಕೆ ಮುಖ್ಯ ಕಾರಣ, ಒಂದೇ ಕರಡನ್ನು ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಪ್ರತಿಯಾಗಿ ಕೊಟ್ಟು, ತಪ್ಪಿದ ಸಾಲಿನ ಪಕ್ಕದಲ್ಲಿಯೇ ಟಿಪ್ಪಣಿ ಬರೆಯುವ ಅನುಕೂಲ. ನೋಟ್‌ಬುಕ್ಕಿನ ಕೆಂಪು ಶಾಯಿಯನ್ನು ಪಕ್ಕದ ಬೆಂಚಿನವರೂ ಓದುತ್ತಿದ್ದರು. ಇಲ್ಲಿ ಖಾಸಗಿ ಕಾಮೆಂಟು ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ. ಕನ್ನಡ ಮಾಧ್ಯಮದಿಂದ ಬಂದು ತರಗತಿಯಲ್ಲಿ ಒಮ್ಮೆಯೂ ಬಾಯಿ ತೆರೆಯದ ಹುಡುಗಿಯೊಬ್ಬಳು ‘ಯುವರ್ಸ್ ಫೇತ್‌ಫುಲಿ’ಗೂ ‘ಯುವರ್ಸ್ ಸಿನ್ಸಿಯರ್ಲಿ’ಗೂ ಏನು ಫರಕು ಎಂದು ಕೇಳಿದ್ದು ಅಲ್ಲಿಯೇ, ಅದೂ ಕನ್ನಡದಲ್ಲಿ. ಹೆಸರಿಲ್ಲದೆ ‘ಡಿಯರ್ ಸರ್’ ಎಂದು ಆರಂಭಿಸಿದರೆ ಮೊದಲನೆಯದು, ಹೆಸರು ಹಿಡಿದು ಬರೆದರೆ ಎರಡನೆಯದು ಎಂಬ ಉತ್ತರವನ್ನು ನಾನೂ ಕನ್ನಡದಲ್ಲಿಯೇ ಕೊಟ್ಟೆ.

ಪಠ್ಯದ ಮಾದರಿ ಪತ್ರಗಳನ್ನು ಬಿಟ್ಟು, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರವನ್ನೇ ಅಭ್ಯಾಸಕ್ಕೆ ಇಟ್ಟುಕೊಂಡೆ. ಚೀಲದಲ್ಲಿ ತೇವ ಹೆಚ್ಚಿದೆ, ಬಣ್ಣ ಒಪ್ಪಿದ ಮಟ್ಟಕ್ಕೆ ಇಲ್ಲ ಎಂದು ಮುಂಬೈನ ಮಸಾಲೆ ವ್ಯಾಪಾರಿ ದೂರುತ್ತಾನೆ. ದಲಾಲಿ ಅಂಗಡಿಯ ಪರವಾಗಿ ಉತ್ತರ ಬರೆಯಬೇಕು. ಮೊದಲ ಕರಡುಗಳಲ್ಲಿ ‘ವಿತ್ ಡ್ಯೂ ರೆಸ್ಪೆಕ್ಟ್’, ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂಬ ವಿನಯವೇ ತುಂಬಿರುತ್ತದೆಯೇ ಹೊರತು, ಮಾಲು ವಾಪಸು ಪಡೆಯುತ್ತೇವೆಯೋ, ದರ ಇಳಿಸುತ್ತೇವೆಯೋ ಎಂಬುದು ಇರುವುದಿಲ್ಲ. ಮೂರನೆಯ ಕರಡಿನ ಹೊತ್ತಿಗೆ ವಿನಯ ಕಡಿಮೆಯಾಗಿ ವಿಷಯ ಕಾಣಿಸಿಕೊಳ್ಳುತ್ತದೆ.

ಬಹುತೇಕರು ಬರೆಯುವುದು ಮೊಬೈಲಿನಲ್ಲಿ. ದಿನಾಂಕವನ್ನು ಬಲಕ್ಕೆ ತಳ್ಳಲು ಸ್ಪೇಸ್ ಒತ್ತುತ್ತಲೇ ಹೋಗುತ್ತಾರೆ. ಅಕ್ಷರದ ಗಾತ್ರ ಬದಲಾದ ಕೂಡಲೇ ಅದು ಮುಂದಿನ ಸಾಲಿಗೆ ಜಿಗಿಯುತ್ತದೆ. ಎಲ್ಲವನ್ನೂ ಎಡ ಅಂಚಿಗೆ ಹೊಂದಿಸುವ ಫುಲ್ ಬ್ಲಾಕ್ ವಿನ್ಯಾಸಕ್ಕೇ ಅಂಟಿಕೊಂಡ ಮೇಲೆ ಈ ರಗಳೆ ಮುಗಿಯಿತು.

ಈಚೆಗೆ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಪತ್ರಗಳೂ ಬರುತ್ತಿವೆ. ಪತ್ರ ಬರೆಯುವ ಗೂಗಲ್ ಡಾಕ್ಸ್‌ನಲ್ಲಿ ಹಿಂದಿನ ಬದಲಾವಣೆಗಳನ್ನು ತೋರಿಸುವ ವರ್ಶನ್ ಹಿಸ್ಟರಿ ತೆರೆದರೆ, ಪತ್ರ ಸಾಲುಸಾಲಾಗಿ ಬೆಳೆದಿದೆಯೋ, ಇಡಿಯಾಗಿ ಬಂದು ಕುಳಿತಿದೆಯೋ ಎಂಬುದರ ಸುಳಿವು ಸಿಗುತ್ತದೆ. ಇದನ್ನು ನಾನು ಶಿಕ್ಷೆಗೆ ಬಳಸುವುದಿಲ್ಲ. ಬೇರೆ ಕಡೆ ಬರೆದು ತಂದು ಅಂಟಿಸಿದವರೂ ಇರುತ್ತಾರಾದ್ದರಿಂದ, ಕರೆದು ಕೂರಿಸಿ ಒಂದು ಪ್ಯಾರಾ ಬಾಯಲ್ಲಿ ವಿವರಿಸಲು ಹೇಳುತ್ತೇನೆ.

ಮಾತಿನ ಭಾಗಕ್ಕೆ ಕ್ಲಾಸ್‌ರೂಮ್ ಒಂದೇ ಸಾಲದು. ಲಾಕ್‌ಡೌನಿನಲ್ಲಿ ನಾವು ಚಂದಾ ಕಟ್ಟಿದ್ದ ವಿಡಿಯೊ ಸೇವೆಯೊಂದರಲ್ಲಿ ಗುಂಪು ಚರ್ಚೆ ನಡೆಸಲು ಹೋಗಿ, ಕ್ಯಾಮೆರಾ ಮುಚ್ಚಿದ ಐವತ್ತು ಚೌಕಗಳ ಮುಂದೆ ಒಬ್ಬಳೇ ಮಾತಾಡಿದ್ದೆ. ಹಳ್ಳಿಯಲ್ಲಿ ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುತ್ತಿದ್ದವರಿಗೆ ಮುಖ ತೋರಿಸಿರೆಂದು ಒತ್ತಾಯಿಸುವುದೂ ಸರಿಯೆನಿಸಲಿಲ್ಲ. ಕೊನೆಗೆ ವಿಡಿಯೊ ಬಿಟ್ಟು ಫೋನ್ ಕರೆಯನ್ನೇ ಪಾಠ ಮಾಡಿದೆ. ಮಾರುಕಟ್ಟೆಯ ವ್ಯವಹಾರ ನಡೆಯುವುದಾದರೂ ಹೆಚ್ಚಾಗಿ ಅದರ ಮೇಲೆಯೇ ಅಲ್ಲವೇ?

ಇಂದಿಗೂ ಆ ಅಭ್ಯಾಸ ಮುಂದುವರಿದಿದೆ. ಇಬ್ಬರು ಖರೀದಿದಾರ ಮತ್ತು ದಲಾಲರಾಗಿ ಇಂಗ್ಲಿಷಿನಲ್ಲಿ ಮಾತಾಡಿ, ಸ್ಪೀಕರ್ ಹಾಕಿ ಮನೆಯ ಇನ್ನೊಂದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಮಾತಾದದ್ದನ್ನು ಖಚಿತಪಡಿಸುವ ದೃಢೀಕರಣ ಪತ್ರವನ್ನು ಅಂದೇ ಬರೆದು ಎರಡನ್ನೂ ಕ್ಲಾಸ್‌ರೂಮ್‌ಗೆ ಸಲ್ಲಿಸಬೇಕು. ದರ, ಚೀಲದ ಲೆಕ್ಕ, ತಲುಪಿಸುವ ದಿನ ಎರಡರಲ್ಲೂ ಒಂದೇ ಇದ್ದರೆ ಮಾತ್ರ ಪೂರ್ಣ ಅಂಕ. ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ‘ಫಾರ್ಟಿ’ ಎಂದದ್ದನ್ನು ಇನ್ನೊಬ್ಬ ‘ಫೋರ್ಟೀನ್’ ಎಂದು ಕೇಳಿಸಿಕೊಂಡು, 40 ಚೀಲಕ್ಕೆ ಬದಲಾಗಿ 14 ಚೀಲಕ್ಕೆ ಪತ್ರ ಬರೆದಿದ್ದ. ಆ ಧ್ವನಿಮುದ್ರಿಕೆಯನ್ನೇ ಮರುದಿನ ಅವರಿಬ್ಬರ ಒಪ್ಪಿಗೆ ಪಡೆದು ತರಗತಿಯಲ್ಲಿ ಕೇಳಿಸಿದೆ.