ಎರಡು ವರ್ಷದ ಬಿ.ಇಡಿ: ಇಪ್ಪತ್ತು ವಾರದ ಲೆಕ್ಕ ಕೇಳಿ ಸೇರಿ

ಬಿ.ಇಡಿ ಕಾಲೇಜಿಗೆ ವಿಚಾರಿಸಲು ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆಗಳು ಎರಡೇ: ಫೀಸು ಎಷ್ಟು, ದಿನಾ ಬರಬೇಕಾ? ಎರಡನೆಯದಕ್ಕೆ ‘ಅದೆಲ್ಲ ಅಡ್ಜಸ್ಟ್ ಮಾಡೋಣ ಬಿಡಿ’ ಎಂಬ ಉತ್ತರ ಬಂದರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರಬಹುದು. ಈ ಕೋರ್ಸಿನಲ್ಲಿ ಕೊಟ್ಟ ದುಡ್ಡು, ಕಳೆದ ಸಮಯ ಎರಡೂ ವಸೂಲಾಗುವುದು ಶಾಲೆಯಲ್ಲಿ ಪಾಠ ಮಾಡುತ್ತಾ ಇರುವ 20 ವಾರಗಳಲ್ಲಿ, ಅಂದರೆ ಇಂಟರ್ನ್‌ಶಿಪ್ಪಿನಲ್ಲಿ. ಉಳಿದದ್ದನ್ನು ಓದುವ ಛಲ ಇದ್ದವರು ಗ್ರಂಥಾಲಯದಲ್ಲಿ ಕೂತೂ ಓದಿಕೊಂಡಾರು. ಎಂಟನೇ ತರಗತಿಯ ಐವತ್ತು ಮಕ್ಕಳು ಮಾತ್ರ ಗ್ರಂಥಾಲಯದಲ್ಲಿ ಸಿಗುವುದಿಲ್ಲ.

ಮೊದಲು ಕಾಗದದ ಮೇಲೆ ಏನಿದೆ ನೋಡಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ತರಬೇತಿಯ ದುಃಸ್ಥಿತಿಯ ಬಗ್ಗೆ ವರದಿ ಕೊಟ್ಟಿತು. ಅದರ ಬೆನ್ನಿಗೆ, ಶಿಕ್ಷಕರ ತರಬೇತಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಬಂತು. ಒಂದು ವರ್ಷದ ಬಿ.ಇಡಿ 2015-16ರಿಂದ ಎರಡು ವರ್ಷದ್ದಾಯಿತು. ಪ್ರವೇಶ ಮತ್ತು ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ಹಾಜರಾತಿ ತರಗತಿ ಮತ್ತು ಪ್ರಾಯೋಗಿಕಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಇಂಟರ್ನ್‌ಶಿಪ್ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಸೇರಿದ ದಿನದಿಂದ ಮೂರು ವರ್ಷದೊಳಗೆ ಮುಗಿಸಬೇಕು. ಆ 16 ವಾರವನ್ನು ವಾರಕ್ಕೆ ಆರು ದಿನದಂತೆ ಹಿಡಿದರೆ 96 ದಿನ, ಶೇ. 90 ಎಂದರೆ ಒಂಬತ್ತು ದಿನಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ಮನೆಯಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಒಂದೇ ವರ್ಷ ಇದ್ದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಪದವಿ ಅಥವಾ ಸ್ನಾತಕೋತ್ತರದಲ್ಲಿ ಶೇ. 50 ಅಂಕ ಇರಬೇಕು. ವಿಜ್ಞಾನ, ಗಣಿತ ಓದಿದ ಎಂಜಿನಿಯರಿಂಗ್ ಪದವೀಧರರಿಗೆ ಶೇ. 55. ಮೀಸಲಾತಿ ವರ್ಗಗಳಿಗೆ ಆಯಾ ಸರ್ಕಾರದ ನಿಯಮದಂತೆ ರಿಯಾಯಿತಿ ಉಂಟು. ಪ್ರವೇಶಕ್ಕೆ ಇಷ್ಟು ಸಾಕು, ಕೆಲಸಕ್ಕೆ ಸಾಲದು. ಬಹಳ ಮಂದಿ ಎಡವುವುದು ಇಲ್ಲೇ. ನೇಮಕಾತಿಯಲ್ಲಿ ಬಿ.ಇಡಿಯ ಜತೆಗೆ ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳಿದ್ದವು ಎಂದೂ ನೋಡುತ್ತಾರೆ. ಬಿ.ಕಾಂ ಮಾಡಿ ಸಮಾಜ ವಿಜ್ಞಾನದ ಮೆಥಡ್ (ಬಿ.ಇಡಿಯಲ್ಲಿ ಕಲಿಸಲು ಆರಿಸಿಕೊಳ್ಳುವ ವಿಷಯ) ತೆಗೆದುಕೊಂಡು ಎರಡು ವರ್ಷ ಬೆವರು ಸುರಿಸಿದವರು, ಅರ್ಜಿ ಹಾಕುವ ದಿನ ತಮ್ಮ ಪದವಿಯ ವಿಷಯಗಳೇ ಪಟ್ಟಿಯಲ್ಲಿಲ್ಲ ಎಂದು ತಿಳಿದು ಕೈ ಹಿಸುಕಿಕೊಳ್ಳುತ್ತಾರೆ. ಕಾಲೇಜು ಈ ಮಾತು ಎತ್ತುವುದಿಲ್ಲ. ಅದಕ್ಕೆ ಸೀಟು ತುಂಬಿದರೆ ಆಯಿತು. ಹಿಂದಿನ ನೇಮಕಾತಿ ಅಧಿಸೂಚನೆಯನ್ನು ತೆರೆದು, ನಿಮ್ಮ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು, ವಿಷಯಗಳನ್ನು ಒಂದೊಂದಾಗಿ ತಾಳೆ ನೋಡಿಯೇ ಮೆಥಡ್ ಆರಿಸಿ.

ಇನ್ನೊಂದು ಸಂಗತಿ ಈಗಲೂ ಎಷ್ಟೋ ಜನರ ಕಿವಿಗೆ ಬಿದ್ದಿಲ್ಲ. ಬಿ.ಇಡಿ ಮಾಡಿದವರೂ ಒಂದರಿಂದ ಐದನೇ ತರಗತಿಗೆ ಅರ್ಹರು ಎಂದಿದ್ದ 2018ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಒಪ್ಪಲಿಲ್ಲ. ಆ ತರಗತಿಗಳಿಗೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಲ್.ಇಡಿಯೇ ಬೇಕು. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆಯಿಂದ ಬಿ.ಇಡಿ ಸೇರುವುದು ಬೆಂಗಳೂರಿಗೆ ಹೋಗಬೇಕಾದವರು ಮಂಗಳೂರಿನ ಬಸ್ಸು ಹತ್ತಿದ ಹಾಗೆ. ಆರರಿಂದ ಎಂಟಕ್ಕೆ ಬಿ.ಇಡಿ ಜತೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಬೇಕು: 150 ಪ್ರಶ್ನೆ, ಎರಡೂವರೆ ಗಂಟೆ, ಸಾಮಾನ್ಯ ವರ್ಗಕ್ಕೆ ಶೇ. 60. 2021ರಿಂದ ಆ ಪ್ರಮಾಣಪತ್ರಕ್ಕೆ ಜೀವನಪೂರ್ತಿ ಮಾನ್ಯತೆ. ಮಕ್ಕಳ ಮನೋವಿಜ್ಞಾನದ ಪಾಠ ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದುಬಿಡುವುದು ಜಾಣತನ. ಕೇಂದ್ರ ನಡೆಸುವ ಟಿಇಟಿ, ಅಂದರೆ ಸಿಟಿಇಟಿಗಾದರೆ ಕೋರ್ಸಿನಲ್ಲಿರುವಾಗಲೇ ಕೂರಬಹುದು. ಪಿಯು ಉಪನ್ಯಾಸಕರಾಗಲು ಬಿ.ಇಡಿಯ ಜತೆ ಆ ವಿಷಯದ ಸ್ನಾತಕೋತ್ತರ ಪದವಿಯೂ ಇರಬೇಕು.

ಥಿಯರಿ ಪತ್ರಿಕೆಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಾಲ್ಯ ಮತ್ತು ಬೆಳವಣಿಗೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಕಲಿಕೆ ಮತ್ತು ಬೋಧನೆ: ಪಿಯಾಜೆ, ವೈಗೋಟ್‌ಸ್ಕಿ ಎಂಬ ಮನೋವಿಜ್ಞಾನಿಗಳು, ಆಯೋಗಗಳ ಪಟ್ಟಿ, ಹತ್ತು ಅಂಕಕ್ಕೆ ನಾಲ್ಕು ಪುಟ. ಗೈಡು ಓದಿಯೇ ಪಾಸಾಗಬಹುದು, ಬಹುಪಾಲು ಮಂದಿ ಹಾಗೇ ಪಾಸಾಗುತ್ತಾರೆ. ಒಂದು ಪತ್ರಿಕೆಗೆ ಮಾತ್ರ ಗೈಡು ಸಾಲದು, ಅದು ‘ಪಠ್ಯಕ್ರಮದಾದ್ಯಂತ ಭಾಷೆ’. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಹೇಳುವವರಿಗೆ ಇದು ಚಿನ್ನದಂಥದ್ದು. ಮೂಟೆ ಹೊತ್ತು ಗಂಟೆಗಟ್ಟಲೆ ನಿಂತವನು ಭೌತವಿಜ್ಞಾನದ ಪ್ರಕಾರ ಮೂಟೆಯ ಮೇಲೆ ‘ಕೆಲಸ’ ಮಾಡಿಯೇ ಇಲ್ಲ ಎಂದರೆ ಕೂಲಿಯವರ ಮನೆಯ ಹುಡುಗ ಮುಖ ಮುಖ ನೋಡುತ್ತಾನೆ. ಬಲ, ಒತ್ತಡ, ಶಕ್ತಿ ಎಲ್ಲವೂ ಮನೆಯಲ್ಲಿ ಒಂದು ಅರ್ಥದಲ್ಲಿ, ಪುಸ್ತಕದಲ್ಲಿ ಇನ್ನೊಂದು ಅರ್ಥದಲ್ಲಿ ಬಳಕೆಯಾಗುವ ಪದಗಳು. ಈ ಪತ್ರಿಕೆಯನ್ನು ಉದಾಹರಣೆ ಇಟ್ಟು ಪಾಠ ಮಾಡುವ ಅಧ್ಯಾಪಕರು ಇರುವ ಕಾಲೇಜು ಸಿಕ್ಕರೆ ಪುಣ್ಯ. ಅನೇಕ ಕಡೆ ನೋಟ್ಸ್ ಬರೆಸಿ ಮುಗಿಸುತ್ತಾರೆ.

ಶಾಲೆಗೆ ಹೋಗುವ ಮುಂಚೆ ಮೈಕ್ರೋ ಟೀಚಿಂಗ್ ಬರುತ್ತದೆ. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಒಂದೊಂದು ಕೌಶಲವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡುವುದು: ಪೀಠಿಕೆ, ಪ್ರಶ್ನೆ ಕೇಳುವುದು, ವಿವರಣೆ, ಕಪ್ಪುಹಲಗೆ ಬಳಕೆ. ನಮ್ಮಲ್ಲಿ ರೂಢಿಯಲ್ಲಿರುವ ಸುತ್ತು 36 ನಿಮಿಷದ್ದು: ಪಾಠ 6, ಹಿಮ್ಮಾಹಿತಿ (ಫೀಡ್‌ಬ್ಯಾಕ್) 6, ಮರುಯೋಜನೆ 12, ಮರುಪಾಠ 6, ಮರು ಹಿಮ್ಮಾಹಿತಿ 6. ಇದರ ಜೀವ ಇರುವುದು ಮರುಪಾಠದಲ್ಲಿ. ಐವತ್ತು ಪ್ರಶಿಕ್ಷಣಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡರೆ ಸಮಯ ಎಲ್ಲಿಂದ ಬರಬೇಕು? ಮೊದಲ ಆರು ನಿಮಿಷ ಆಗುತ್ತಿದ್ದಂತೆ ‘ಗುಡ್, ನೆಕ್ಸ್ಟ್’. ತಪ್ಪು ತಿದ್ದಿ ಇನ್ನೊಮ್ಮೆ ಮಾಡದೇ ಹೋದರೆ ಅದು ವೇಷ ಹಾಕದ ನಾಟಕ. ಹತ್ತು ಜನರ ಗುಂಪು, ಗುಂಪಿಗೊಬ್ಬ ಅಧ್ಯಾಪಕ ಇದ್ದರೆ ಮಾತ್ರ ಈ ಸುತ್ತು ಪೂರ್ತಿಯಾಗುತ್ತದೆ.

ಈಗ ಇಂಟರ್ನ್‌ಶಿಪ್. ಪಾಠ ಯೋಜನೆಯನ್ನು ಈಗ ಹೆಚ್ಚಾಗಿ 5ಇ ಮಾದರಿಯಲ್ಲಿ ಬರೆಸುತ್ತಾರೆ: ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಮಾದರಿ ಒಳ್ಳೆಯದೇ. ಎಡವಟ್ಟಾಗುವುದು ಗಡಿಯಾರದ ಜತೆ. 40 ನಿಮಿಷದ ಪೀರಿಯಡ್ಡಿಗೆ 40 ನಿಮಿಷದ ಯೋಜನೆ ಬರೆದಿರುತ್ತಾರೆ. ಹಿಂದಿನ ಮೇಷ್ಟ್ರು ಹೊರಗೆ ಹೋಗಿ, ಹಾಜರಿ ಕೂಗಿ, ಹೋಮ್‌ವರ್ಕ್ ತಂದಿಲ್ಲದವರನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಏಳೆಂಟು ನಿಮಿಷ ಹಾರಿಹೋಗಿರುತ್ತದೆ. ಗಂಟೆ ಹೊಡೆದಾಗ ಪ್ರಶಿಕ್ಷಣಾರ್ಥಿ ಇನ್ನೂ ವಿವರಣೆಯಲ್ಲೇ ಇರುತ್ತಾರೆ. ಮೌಲ್ಯಮಾಪನ ರೆಕಾರ್ಡಿನಲ್ಲಿ ಮಾತ್ರ ನಡೆಯುತ್ತದೆ. 30 ನಿಮಿಷಕ್ಕೆ ಯೋಜನೆ ಬರೆಯಿರಿ. ಕೊನೆಯ ಐದು ನಿಮಿಷವನ್ನು ಏನೇ ಆದರೂ ಮುಟ್ಟಬೇಡಿ.

ಆ ಐದು ನಿಮಿಷ ಯಾಕೆ ಎಂಬುದಕ್ಕೆ ಭಿನ್ನರಾಶಿಯ ಪಾಠವೇ ಸಾಕ್ಷಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಲು ಕೊಟ್ಟು ಬೆಂಚುಗಳ ಮಧ್ಯೆ ನಡೆದರೆ, ಎಷ್ಟು ನೋಟ್‌ಬುಕ್ಕುಗಳಲ್ಲಿ ಐದನೇ ಎರಡು ಎಂಬ ಉತ್ತರ ಇದೆ ಎಂದು ಕಣ್ಣಿಗೆ ಬೀಳುತ್ತದೆ. ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿರುತ್ತಾರೆ. ಲ.ಸಾ.ಅ. ಎಂದು ಮತ್ತೆ ಹಲಗೆ ತುಂಬ ಬರೆದರೆ ತಲೆ ಆಡಿಸುತ್ತಾರೆ, ಮಾರನೇ ದಿನ ಅದೇ ತಪ್ಪು. ‘ಐದನೇ ಎರಡು ಅರ್ಧಕ್ಕಿಂತ ಕಡಿಮೆ ತಾನೇ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಡಿಮೆ ಹೇಗಾಯಿತು?’ ಎಂದು ಕೇಳಿ ಸುಮ್ಮನೆ ನಿಂತರೆ ಇಡೀ ತರಗತಿ ಎಚ್ಚರಾಗುತ್ತದೆ. ಹೀಗೆ ಕೇಳಲು ಕಲಿಯುವುದಕ್ಕೇ 16 ವಾರ.

ಅದನ್ನು ಕಲಿಸಬೇಕಾದವರು ಹಿಂದಿನ ಬೆಂಚಿನಲ್ಲಿ ಕೂತ ಮಾರ್ಗದರ್ಶಕರು. ‘ಧ್ವನಿ ಚೆನ್ನಾಗಿದೆ, ಹಲಗೆ ಬಳಕೆ ಸುಧಾರಿಸಬೇಕು’ ಎಂದು ಎಲ್ಲ ಪಾಠಕ್ಕೂ ಬರೆದು ಸಹಿ ಹಾಕುವವರಿಂದ ಏನೂ ದಕ್ಕುವುದಿಲ್ಲ. ‘ಹನ್ನೊಂದು ಪ್ರಶ್ನೆ ಕೇಳಿದಿರಿ, ಒಂಬತ್ತಕ್ಕೆ ಮುಂದಿನ ಎರಡು ಬೆಂಚಿನವರೇ ಉತ್ತರ ಕೊಟ್ಟರು, ಕಿಟಕಿ ಪಕ್ಕದ ಸಾಲಿಗೆ ಒಂದೂ ಹೋಗಲಿಲ್ಲ’ ಎಂದು ಬರೆಯುವವರು ಸಿಕ್ಕರೆ ಆ ಅವಲೋಕನ ಹಾಳೆಯನ್ನು ಎತ್ತಿಟ್ಟುಕೊಳ್ಳಿ. ಕಾಲೇಜು ನೋಡಲು ಹೋದಾಗ ಹಿಂದಿನ ಬ್ಯಾಚಿನ ಎರಡು ಪಾಠ ಯೋಜನೆ ರೆಕಾರ್ಡು ಕೇಳಿ, ಷರಾ ಮಾತ್ರ ಓದಿ. ಎರಡರಲ್ಲೂ ಒಂದೇ ವಾಕ್ಯ ಇದ್ದರೆ ನಿಮಗೂ ಅದೇ ವಾಕ್ಯ ಕಾದಿದೆ.

ವೇಳಾಪಟ್ಟಿಯೂ ಕೈ ಕೊಡುತ್ತದೆ. ಪ್ರವೇಶ ಪ್ರಕ್ರಿಯೆ ತಡವಾದಷ್ಟೂ ಸೆಮಿಸ್ಟರ್ ಮುಂದಕ್ಕೆ ಜಾರಿ, ಇಂಟರ್ನ್‌ಶಿಪ್ ಹೋಗಿ ದಸರಾ ರಜೆಗೋ ವರ್ಷದ ಕೊನೆಯ ಪರೀಕ್ಷೆಗೋ ಡಿಕ್ಕಿ ಹೊಡೆಯುತ್ತದೆ. ಜನವರಿ ದಾಟಿದ ಮೇಲೆ ಶಾಲೆಗಳಲ್ಲಿ ಹೊಸ ಪಾಠ ಅಷ್ಟಾಗಿ ಇರುವುದಿಲ್ಲ, ಬರೀ ಪುನರಾವರ್ತನೆ. ಎಸ್‌ಎಸ್‌ಎಲ್‌ಸಿ ತರಗತಿಯನ್ನು ಪ್ರಶಿಕ್ಷಣಾರ್ಥಿಗಳ ಕೈಗೆ ಕೊಡಲು ಮುಖ್ಯ ಶಿಕ್ಷಕರು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಉಳಿಯುವುದು 8 ಮತ್ತು 9. ಒಂದೇ ಶಾಲೆಗೆ ಹದಿನೈದು ಜನರನ್ನು ಕಳಿಸಿದರೆ ಪಾಠ ಮಾಡುವವರಿಗಿಂತ ಸ್ಟಾಫ್ ರೂಮಿನಲ್ಲಿ ಚಾರ್ಟ್ ಬರೆಯುವವರೇ ಹೆಚ್ಚಾಗುತ್ತಾರೆ. ಚಾರ್ಟು ಅಂದ ಮೇಲೆ ನೆನಪಾಯಿತು: ಥರ್ಮೋಕೋಲು, ಮಿನುಗು ಕಾಗದಕ್ಕೆ ಸುರಿಯುವ ದುಡ್ಡನ್ನು ಉಳಿಸಿ. ಹುಣಸೆ ಬೀಜ, ಬೆಂಕಿಕಡ್ಡಿ, ಮಡಚಿದ ಕಾಗದ ಸಾಕು. ಮಕ್ಕಳ ಕೈಗೆ ಸಿಗುವುದು ಅವೇ.

ಕಾಲೇಜನ್ನು ಪರೀಕ್ಷಿಸಲು ಅರ್ಧ ದಿನ ಸಾಕು. ಎನ್‌ಸಿಟಿಇ ಜಾಲತಾಣದ ಮಾನ್ಯತೆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಕರ್ನಾಟಕ ಬರುವುದು ದಕ್ಷಿಣ ಪ್ರಾದೇಶಿಕ ಸಮಿತಿಯ ಕೆಳಗೆ. ಮಾನ್ಯತೆ ಆದೇಶದಲ್ಲಿ ಎಷ್ಟು ಸೀಟು ಎಂದು ಬರೆದಿರುತ್ತದೆ. ಒಂದು ಯೂನಿಟ್ ಎಂದರೆ 50. ಎರಡು ಯೂನಿಟ್ ನಡೆಸುವ ಕಡೆ, ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಿಗೆ ಪ್ರಾಂಶುಪಾಲರೂ ಸೇರಿ 16 ಅಧ್ಯಾಪಕರು ಇರಬೇಕು. ಅವರ ಹೆಸರು, ಅರ್ಹತೆ, ಭಾವಚಿತ್ರವನ್ನು ಕಾಲೇಜು ತನ್ನ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವೇ ಇದೆ. ಆ ಪಟ್ಟಿಯನ್ನು ಫೋನಿನಲ್ಲಿ ತೆರೆದುಕೊಂಡು ಒಂದು ಸಾಮಾನ್ಯ ಮಂಗಳವಾರ ಕಾಲೇಜಿಗೆ ಹೋಗಿ, ಎಷ್ಟು ಮುಖ ತಾಳೆಯಾಗುತ್ತವೆ ಎಣಿಸಿ.

ಬೇರೆ ದಾರಿಗಳೂ ಇವೆ. ಪಿಯುಸಿ ಮುಗಿಸಿದವರಿಗೆ ಪದವಿ, ಬಿ.ಇಡಿ ಎರಡೂ ಸೇರಿದ ನಾಲ್ಕು ವರ್ಷದ ಸಮಗ್ರ ಶಿಕ್ಷಕರ ಶಿಕ್ಷಣ ಕೋರ್ಸು (ಐಟಿಇಪಿ) ಇದೆ. ಪ್ರವೇಶ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಒಂದು ವರ್ಷ ಉಳಿಯುವುದಷ್ಟೇ ಲಾಭವಲ್ಲ, ಶಾಲೆಯ ಒಡನಾಟ ಹೆಚ್ಚು ಕಾಲ ಸಿಗುತ್ತದೆ. 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆ ಇರುವುದು ಇದೇ ಕಾರಣಕ್ಕೆ ದೊಡ್ಡ ಅನುಕೂಲ. ದೂರ ಶಿಕ್ಷಣದ ಬಿ.ಇಡಿ ಎಲ್ಲರಿಗೂ ಅಲ್ಲ: ಈಗಾಗಲೇ ಸೇವೆಯಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರಿಗೆ, ಅಥವಾ ಡಿ.ಎಲ್.ಇಡಿಯಂಥ ಮಾನ್ಯ ಕೋರ್ಸನ್ನು ತರಗತಿಗೆ ಹೋಗಿಯೇ ಮುಗಿಸಿದವರಿಗೆ ಮಾತ್ರ. ಶಿಕ್ಷಣದಲ್ಲಿ ಎಂ.ಎ. ಓದುವುದು ಸೊಗಸೇ, ಆದರೆ ಅದು ಬಿ.ಇಡಿಯ ಜಾಗ ತುಂಬುವುದಿಲ್ಲ. ಎಂ.ಇಡಿ ಇರುವುದು ಶಿಕ್ಷಕರನ್ನು ತಯಾರು ಮಾಡುವವರಿಗೆ. ಹೈಸ್ಕೂಲು ಮೇಷ್ಟ್ರಾಗಲು ಅದರ ಅಗತ್ಯವಿಲ್ಲ.

ಫೀಸು ಕಟ್ಟುವ ಮುನ್ನ ಇನ್ನೊಂದು ಕೆಲಸ ಇದೆ. ಕಾಲೇಜಿನವರು ತಮ್ಮ ಅಭ್ಯಾಸ ಶಾಲೆಗಳೆಂದು ಹೇಳಿದ ಹೆಸರುಗಳಲ್ಲಿ ಒಂದನ್ನು ಹಿಡಿದು, ಮಧ್ಯಾಹ್ನದ ಬಿಡುವಿನಲ್ಲಿ ಆ ಶಾಲೆಗೆ ಹೋಗಿ ಗಣಿತದ ಮೇಷ್ಟ್ರನ್ನೋ ಕನ್ನಡದ ಟೀಚರನ್ನೋ ಮಾತಾಡಿಸಿ. ಕಳೆದ ವರ್ಷ ಪ್ರಶಿಕ್ಷಣಾರ್ಥಿಗಳು ಯಾವ ತಿಂಗಳು ಬಂದಿದ್ದರು, ಎಷ್ಟು ಜನ, ವಾರಕ್ಕೆ ಒಬ್ಬೊಬ್ಬರಿಗೆ ಎಷ್ಟು ಪೀರಿಯಡ್ ಸಿಕ್ಕಿತು, ಕಾಲೇಜಿನವರು ಎಷ್ಟು ಸಲ ಬಂದು ಹಿಂದೆ ಕೂತರು. ‘ಬಂದಿದ್ದರು, ಸಹಿ ಹಾಕಿಸಿಕೊಂಡು ಹೋದರು’ ಎಂದರೆ ಇನ್ನೊಂದು ಕಾಲೇಜು ಹುಡುಕಿ.