ಶನಿವಾರದ ಸೊಪ್ಪಿನ ಚೀಲ: ಎರಡು ವರ್ಷ ತಿಂದ ಮೇಲೆ ಬರೆಯುತ್ತಿದ್ದೇನೆ

ಒಂದು ತೋಟದವರು ಪ್ರತಿ ಶನಿವಾರ ಮನೆಗಳಿಗೆ ಕೊಡುವ ಈ ಸೊಪ್ಪಿನ ಚೀಲಕ್ಕೆ ನಾನು ಹೆಸರು ಬರೆಸಿದ್ದು 2023ರ ಜುಲೈನಲ್ಲಿ. ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದ ತಿಂಗಳು ಅದು, ನೆನಪಿದೆ ಅಲ್ವಾ? ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್. ಮನೆ ಲಗ್ಗೆರೆಯಲ್ಲಿ. ಅತ್ತೆ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ರಾಗಿಯೂ ಕೊಡುತ್ತಾರೆ. ಅನ್ನಕ್ಕೆ, ಮುದ್ದೆಗೆ ಚಿಂತೆಯಿಲ್ಲ. ಸಾರಿಗೆ ಏನು ಹಾಕುವುದು ಅನ್ನುವುದೇ ದಿನಾ ಯೋಚನೆಯಾಗಿತ್ತು.

ತೋಟ ಇರುವುದು ಮಾಗಡಿ ರಸ್ತೆಯಲ್ಲಿ, ತಾವರೆಕೆರೆ ದಾಟಿ. ಚೀಲದಲ್ಲಿ ಏನೇನು ಬರುತ್ತದೆ, ಎಷ್ಟು ತೂಕ, ಅದೆಲ್ಲ ಅವರ ಚೀಟಿಯಲ್ಲೇ ಇದೆ. ದುಡ್ಡಿರುವವರು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಾರೆ, ನಮ್ಮಂಥ ಮನೆಗೆ ಚೀಲಕ್ಕೆ 40 ರೂಪಾಯಿ. ತಿಂಗಳಿಗೊಂದು ಭಾನುವಾರ ಹೋಗಿ ಅರ್ಧ ದಿನ ಕೆಲಸ ಮಾಡಿದರೆ ಆ ತಿಂಗಳು ಅದೂ ಇಲ್ಲ. ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಆದ ಮೇಲೆ ನನಗೆ ಹೋಗಿಬರುವ ಖರ್ಚೂ ಇಲ್ಲ. ಹಾಗಾಗಿ ನಾನು ಕೆಲಸದ ಲೆಕ್ಕದಲ್ಲೇ ಇದ್ದೇನೆ.

ಮೊದಲ ಚೀಲ ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು, "ಯಾವ ನೀರು ಕಟ್ಟಿ ಬೆಳೆದಿದ್ದಾರೆ?" ಅವರ ತವರು ಬೈರಮಂಗಲದ ಕಡೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಹೋಗಿ ಸೇರುವ ಕೆರೆ ಅದು. ಆ ನೀರಿನಲ್ಲಿ ಬೆಳೆದದ್ದು ನೋಡುವುದಕ್ಕೆ ಎಷ್ಟು ಹಸಿರಾಗಿರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಗಾಡಿಯ ಸೊಪ್ಪು ಎಷ್ಟು ಸೊಂಪಾಗಿದ್ದರೂ ಅವರು ಮುಟ್ಟುತ್ತಿರಲಿಲ್ಲ. ಈ ತೋಟದಲ್ಲಿ ಬೋರ್‌ವೆಲ್ ನೀರು, ಜೊತೆಗೆ ಮಳೆ ನೀರು ನಿಲ್ಲಿಸುವ ಒಂದು ಕೃಷಿ ಹೊಂಡ. ನನ್ನ ಮಾತು ನಂಬದೆ, ಮುಂದಿನ ಭಾನುವಾರ ತಾವೇ ಬಂದು ನೋಡಿದರು.

ಅವತ್ತು ನಡೆದದ್ದಕ್ಕೇ ನಾನು ಇದನ್ನು ಬರೆಯುತ್ತಿರುವುದು. ಮಳೆ ಬಿದ್ದು ನಾಲ್ಕು ದಿನ ಆಗಿತ್ತು. ತೋಟದ ಹುಡುಗರು ರಾಗಿ ಸಾಲಿನಲ್ಲಿ ಕಳೆ ಕಿತ್ತು ಗೊಬ್ಬರದ ಗುಂಡಿ ಪಕ್ಕ ರಾಶಿ ಹಾಕುತ್ತಿದ್ದರು. ಅತ್ತೆ ಆ ರಾಶಿ ಮುಂದೆ ಕೂತರು, ಸೆರಗು ಹರಡಿದರು, ಆರಿಸಲು ಶುರು ಮಾಡಿದರು. ಅಣ್ಣೆ, ಗಣಿಕೆ, ಗೋಣಿ, ಕನ್ನೆ ಸೊಪ್ಪು. ಹೊಂಡದ ಅಂಚಿನಲ್ಲಿ ಹೊನಗೊನೆ. ಕಾಂಗ್ರೆಸ್ ಗಿಡ ಬಂದರೆ ಎಸೆಯುತ್ತಾ, ಗಣಿಕೆಯ ಹಸಿರು ಕಾಯಿ ಚಿವುಟಿ ಹಾಕುತ್ತಾ, ಒಂದೊಂದರ ಹೆಸರು ಹೇಳುತ್ತಾ ಹೋದರು. "ಇದನ್ನ ಗೊಬ್ಬರಕ್ಕೆ ಹಾಕ್ತಿದ್ದೀರಾ? ಇದು ಅನ್ನ ಕಣಪ್ಪಾ" ಅಂದರು. ಹುಡುಗರು ಕೆಲಸ ಬಿಟ್ಟು ಸುತ್ತ ಕೂತರು. ನನ್ನ ಅತ್ತೆಯನ್ನು ಹತ್ತು ಜನ ಹಾಗೆ ಕೇಳಿಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಲ್ಲಿಂದ ಮಳೆಗಾಲ ಪೂರ್ತಿ ಚೀಲದಲ್ಲಿ ಒಂದು ಕಟ್ಟು ಬೆರಕೆ ಸೊಪ್ಪು ಬರುತ್ತದೆ. ಯಾವ ಅಂಗಡಿಯಲ್ಲೂ ಇದು ದುಡ್ಡು ಕೊಟ್ಟರೂ ಹೀಗೆ ಸಿಗುವುದಿಲ್ಲ. ನಮ್ಮ ಲೈನ್‌ನಲ್ಲಿ ಹೊಲಿಯುವ ರಾಯಚೂರಿನ ಹುಡುಗಿ ಪುಂಡಿ ಪಲ್ಯ ಇಲ್ವಾ ಅಂತ ಕೇಳಿದಳು. ಮುಂದಿನ ವರ್ಷ ಬದುವಿನ ಮೇಲೆ ಪುಂಡಿ ಹಾಕಿದರು. ಕೇಳಿದರೆ ಬೆಳೆಯುತ್ತಾರೆ. ಈ ಗುಣ ನನಗೆ ತುಂಬಾ ಇಷ್ಟ.

ಶನಿವಾರ ರಾತ್ರಿ ಪೇಪರ್ ಹಾಸಿಕೊಂಡು ನಾವು ಮೂರು ತಲೆಮಾರು ಸೊಪ್ಪು ಬಿಡಿಸುತ್ತೇವೆ. ಬೇರಿನ ಮಣ್ಣು ಒಂದು ಕಡೆ, ಎಳೆ ದಂಟು ಒಂದು ಕಡೆ. ಮೂರು ನೀರಿನಲ್ಲಿ ತೊಳೆದು, ಒದ್ದೆ ಪಂಚೆ ತುಂಡಿನಲ್ಲಿ ಸುತ್ತಿ, ಮಡಕೆಯಲ್ಲಿ ಇಡುತ್ತೇವೆ. ಫ್ರಿಜ್ ಇಲ್ಲ. ಹೀಗಿಟ್ಟರೆ ಸೋಮವಾರದವರೆಗೂ ಸೊಪ್ಪು ಎದ್ದು ನಿಂತಿರುತ್ತದೆ. ಭಾನುವಾರ ಬಸ್ಸಾರು. ಬೇಳೆ, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳುವಾಗ ಬರುವ ಆ ಹಸಿ ಮಣ್ಣಿನಂಥ ಘಮಕ್ಕೆ ನನ್ನ ಚಿಕ್ಕ ಮಗ ಆಟ ಬಿಟ್ಟು ಒಳಗೆ ಬರುತ್ತಾನೆ. ಬೆಂದ ಸೊಪ್ಪಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಬಿಸಿ ಮುದ್ದೆ. ಸೊಪ್ಪು ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗ ಈಗ ಪಲ್ಯ ಎರಡನೇ ಸಲ ಹಾಕಿಸಿಕೊಳ್ಳುತ್ತಾನೆ.

2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದವಲ್ಲ, ಆಗ ಚೀಲವೂ ಸಣ್ಣದಾಯಿತು. ನುಗ್ಗೆ ಸೊಪ್ಪು, ಕರಿಬೇವು, ಒಂದು ಹಿಡಿ ದಂಟು, ಅಷ್ಟೇ. ಆದರೆ ಮುಂಚೆಯೇ ಹೇಳಿದರು, ರೇಟು ಅರ್ಧ ಮಾಡಿದರು. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಹೊತ್ತಿನ ಬಗ್ಗೆ.

ಚೀಲ ಕೊಡುವುದು ಶನಿವಾರ ಮಧ್ಯಾಹ್ನ ಮೂರಕ್ಕೆ. ನಮಗೆ ಶನಿವಾರವೂ ಕೆಲಸ ಇದೆ, ಬಿಡುವುದು ಐದೂವರೆಗೆ. ಅರ್ಧ ದಿನ ರಜೆ ಹಾಕಿದರೆ ಸಂಬಳ ಹೋಗುತ್ತದೆ. 40 ರೂಪಾಯಿ ಸೊಪ್ಪಿಗೆ ಯಾರು ಹಾಕುತ್ತಾರೆ? ಮನೆಯಲ್ಲಿ ಅತ್ತೆ ಇರುವುದರಿಂದ ನನಗೆ ನಡೆಯುತ್ತಿದೆ, ಆದರೆ ಅವರಿಗೆ ಮಂಡಿ ನೋವು. ಅವರಿಗೆ ಆಗದ ದಿನ ನಮ್ಮ ಚೀಲ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿ ಬಿಗಿದು ಕೂತಿರುತ್ತದೆ. ಕಳೆದ ಏಪ್ರಿಲ್‌ನಲ್ಲಿ ಒಂದು ಶನಿವಾರ ಆರೂವರೆಗೆ ಹೋಗಿ ತಂದು ಬಿಚ್ಚಿದೆ. ಮೇಲಿನ ಪಾಲಕ್ ಬಾಡಿತ್ತು. ಕೆಳಗಿನ ಮೆಂತ್ಯ ನೀರು ಬಿಟ್ಟು, ಲೋಳೆಯಾಗಿ, ಕೈಗೆ ಅಂಟಿತು. ಒಂದೊಂದೇ ಎಲೆ ಆರಿಸಿದೆ. ಉಳಿದದ್ದು ಒಂದು ಹಿಡಿ. ಬೆಳಗಿನ ಜಾವ ಬಗ್ಗಿ ಬಗ್ಗಿ ಕೊಯ್ದವರ ಸೊಂಟ ನನಗೆ ಗೊತ್ತು, ನಾನೂ ಕೊಯ್ದಿದ್ದೇನೆ. ಕಣ್ಣಲ್ಲಿ ನೀರು ಬಂತು.

ನಮ್ಮ ಲೈನ್‌ನಲ್ಲಿ ಸೇರಿದ್ದವರು ಒಂಬತ್ತು ಜನ. ಈಗ ಉಳಿದವರು ನಾಲ್ಕು. ಸೊಪ್ಪು ಬೇಡ ಅಂತ ಯಾರೂ ಬಿಟ್ಟದ್ದಲ್ಲ. ದುಡಿಯುವವರಿಗೆ ಅಂತ ಮಾಡಿದ್ದನ್ನು ದುಡಿಯುವ ಹೊತ್ತಿನಲ್ಲೇ ಕೊಟ್ಟರೆ ನಾವು ಬರುವುದು ಹೇಗೆ?

ನಡೆಸುವವರು ಕೆಟ್ಟವರಲ್ಲ. ಟ್ರಾಫಿಕ್ ಶುರುವಾಗುವ ಮುಂಚೆ ಚೀಲ ತರುವ ವ್ಯಾನ್ ವಾಪಸ್ ಹೋಗಬೇಕು, ಬಾಡಿಗೆ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಅದು ನಿಜವೇ. ಅದಕ್ಕೇ ನಾವು ಬರುವವರೆಗೂ ವ್ಯಾನ್ ಕಾಯಿಸಿ ಅಂತ ನಾನು ಕೇಳಲೇ ಇಲ್ಲ. ನಮ್ಮ ಚೀಲಗಳನ್ನು ಬಟ್ಟೆಯಲ್ಲಿ ಕಟ್ಟಿ, ಒದ್ದೆ ಗೋಣಿ ಹೊದಿಸಿ, ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿ ಇಟ್ಟುಹೋಗಿ ಅಂದೆ. ಅಂಗಡಿಯಾಕೆ ಆಗಲೇ ಒಪ್ಪಿದ್ದರು. ಮೂರು ವಾರ ಮಾಡಿದರು, ಸೊಪ್ಪು ಆಗ ಕೊಯ್ದ ಹಾಗೇ ಇತ್ತು. ಆಮೇಲೆ ಆ ಕೆಲಸ ನೋಡುತ್ತಿದ್ದ ಹುಡುಗಿ ಬಿಟ್ಟಳು, ಗೋಣಿಯೂ ನಿಂತಿತು. ಮತ್ತೆ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಈ ಜೂನ್‌ನಿಂದ ಗೋಣಿ ಮತ್ತೆ ಬಂದಿದೆ. ನಾಲ್ಕೇ ಚೀಲಕ್ಕೆ. ಬಿಟ್ಟುಹೋದ ಐವರಿಗೂ ಇಟ್ಟರೆ ಅವರು ವಾಪಸ್ ಬರುತ್ತಾರೆ, ನಾನು ಕೇಳಿದ್ದೇನೆ.

ಐದು ಅಂಕಕ್ಕೆ ಮೂರೂವರೆ ಕೊಡುತ್ತಿದ್ದೇನೆ. ಆ ಐದು ಚೀಲ ಅಂಗಡಿಗೆ ಬಂದ ವಾರ ಇದನ್ನು ತಿದ್ದುತ್ತೇನೆ.

ಸೇರುವವರು ಮನೆಯಿಂದಲೇ ಬಟ್ಟೆ ಚೀಲ ಒಯ್ಯಿರಿ, ಪ್ಲಾಸ್ಟಿಕ್ ಕವರ್ ಬೇಡ ಅನ್ನಿ. ಭಾನುವಾರ ತೋಟಕ್ಕೆ ಹೋಗುವುದಾದರೆ ಆಧಾರ್ ಕಾರ್ಡ್ ಇಟ್ಟುಕೊಂಡು ಸುಮನಹಳ್ಳಿಯಲ್ಲಿ ತಾವರೆಕೆರೆ ಬಸ್ಸು ಹತ್ತಿ. ಮಳೆ ಬಿದ್ದ ವಾರ ಹೋಗಿ. ಮನೆಯಲ್ಲಿ ಹಳ್ಳಿ ಕಡೆಯ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.