ಬೆಂಗಳೂರು–ಶಿವಮೊಗ್ಗ ವಿಮಾನ: ಅರ್ಧ ಗಂಟೆ ದಾರಿಗೆ ಎಷ್ಟು ಹೊತ್ತು?

ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಲ್ಲಿ ಪ್ರಯಾಣಿಕರ ಮೊದಲ ವಿಮಾನ ಇಳಿದದ್ದು 2023ರ ಆಗಸ್ಟ್ 31ರಂದು. ಆ ವರ್ಷದ ದೀಪಾವಳಿಯಿಂದ ಊರಿಗೆ ಹೋಗಿಬರಲು ನಾನು ಇದನ್ನು ಬಳಸುತ್ತಿದ್ದೇನೆ. "ಎಷ್ಟು ಹೊತ್ತು ಆಗುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ದೇವನಹಳ್ಳಿಯಿಂದ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ರಸ್ತೆಯಲ್ಲಾದರೆ 300ರ ಆಸುಪಾಸು. ಓಡುವುದು ಎಟಿಆರ್ ವಿಮಾನ, ಪ್ರೊಪೆಲ್ಲರ್‌ನದ್ದು. ಪೂರ್ತಿ ವೇಗ ಹಿಡಿದರೆ ಗಂಟೆಗೆ 500 ಕಿ.ಮೀ. ಹತ್ತಿರ ಹೋಗುತ್ತದೆ. ಅಂದರೆ ಅರ್ಧ ಗಂಟೆ ದಾರಿ. ಆದರೂ ಟಿಕೆಟ್‌ನಲ್ಲಿ ಗಂಟೆಗೂ ಮೇಲೆ ತೋರಿಸುತ್ತಾರೆ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಸಮಯ ಅದು. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮ. ವಿಮಾನ ಏರುವುದು ಗಾಳಿಗೆ ಎದುರಾಗಿ. ಮಳೆಗಾಲದ ಪಡುವಣ ಗಾಳಿಗೆ ಪಶ್ಚಿಮಕ್ಕೇ ಹಾರಿದರೆ ಸೀದಾ ಊರಿನ ದಿಕ್ಕು. ಚಳಿಗಾಲದಲ್ಲಿ ಪೂರ್ವಕ್ಕೆ ಹಾರಿ, ಸುತ್ತು ಹಾಕಿ ಬರಬೇಕು. ನೆಲದ ಮೇಲೆ ಸರದಿಗೆ ಕಾಯುವುದಂತೂ ಇದ್ದೇ ಇದೆ.

ಈಗ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಜಯನಗರದವರಿಗೆ ಏರ್‌ಪೋರ್ಟ್ ಮುಟ್ಟಲು ಒಂದೂವರೆ–ಎರಡು ಗಂಟೆ. ಚೆಕ್-ಇನ್, ತಪಾಸಣೆಗೆ ಇನ್ನೊಂದು ಗಂಟೆ ಜಾಸ್ತಿ. ಆಮೇಲೆ ವಿಮಾನ, ಆಮೇಲೆ ಸೋಗಾನೆಯಿಂದ ಪೇಟೆಗೆ ಟ್ಯಾಕ್ಸಿ. ಒಟ್ಟು ಐದು ಗಂಟೆ ಹಿಡಿಯುತ್ತದೆ. ಜನಶತಾಬ್ದಿ ರೈಲು ಅಷ್ಟರಲ್ಲಿ ಶಿವಮೊಗ್ಗ ಮುಟ್ಟಿರುತ್ತದೆ, ಅದೂ ಎಷ್ಟೋ ಕಡಿಮೆ ದುಡ್ಡಿಗೆ. ಯಲಹಂಕ, ಹೆಬ್ಬಾಳದ ಕಡೆಯವರಿಗೆ ಮಾತ್ರ ಉಳಿತಾಯ. ಇನ್ನು ದೆಹಲಿಯಿಂದಲೋ ದುಬೈಯಿಂದಲೋ ಬಂದು ದೇವನಹಳ್ಳಿಯಲ್ಲಿ ಇಳಿಯುವವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಸೂಟ್‌ಕೇಸ್ ಎಳೆದುಕೊಂಡು ಯಶವಂತಪುರಕ್ಕೆ ಓಡುವುದು ತಪ್ಪುತ್ತದೆ.

ಹಾರಾಟ ಮಾತ್ರ ಸೊಗಸು. ಸಾಲಿಗೆ ನಾಲ್ಕೇ ಸೀಟು, ಮಧ್ಯದ ಸೀಟಿನ ಕಾಟ ಇಲ್ಲ. ಹತ್ತುವುದು ಹಿಂದಿನ ಬಾಗಿಲಿನಿಂದ. ರೆಕ್ಕೆ ಮೇಲಿರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಮೋಡ ಇಲ್ಲದಿದ್ದರೆ ಇಳಿಯುವ ಮೊದಲು ಭದ್ರಾ ಹಿನ್ನೀರು, ಅದರ ನಡುವಿನ ನಡುಗಡ್ಡೆಗಳು ಕಾಣುತ್ತವೆ. ರೆಕ್ಕೆ ಹತ್ತಿರದ ಸೀಟಾದರೆ ಚಕ್ರ ಹೊರಗೆ ಬರುವುದೂ, ನೆಲ ತಾಗಿದಾಗ ಟೈರ್ ಹೊಗೆ ಉಗುಳುವುದೂ ಕಣ್ಣೆದುರೇ. ಸದ್ದು ಬೇಡ ಅನ್ನುವವರು ಹಿಂದೆ ಕೂರುವುದು ಒಳ್ಳೇದು.

ತೊಂದರೆ ಇರುವುದು ಮಳೆಗಾಲದಲ್ಲಿ. ಸೋಗಾನೆಯ ರನ್‌ವೇ 3 ಕಿ.ಮೀ. ಉದ್ದ ಇದೆ, ಎಟಿಆರ್‌ಗೆ ಅದರ ಅರ್ಧ ಸಾಕು. ಆದರೆ ಉದ್ದ ಇದ್ದು ಏನು ಪ್ರಯೋಜನ, ಪೈಲಟ್‌ಗೆ ರನ್‌ವೇ ಕಾಣಬೇಕಲ್ಲ! ಒಂದು ಜುಲೈಯಲ್ಲಿ ನಮ್ಮ ವಿಮಾನ ಮೋಡದ ಮೇಲೆ ಸುತ್ತು ಹಾಕಿ ಹಾಕಿ ವಾಪಸ್ ಬೆಂಗಳೂರಿಗೇ ಬಂತು. ಇಳಿಸದೇ ಇದ್ದದ್ದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಕೌಂಟರ್‌ನಲ್ಲಿ ಒಬ್ಬರೂ ಸರಿಯಾಗಿ ಉತ್ತರ ಕೊಡಲಿಲ್ಲ ನೋಡಿ, ಅದಕ್ಕೆ ಸಿಟ್ಟು ಬಂತು. ಟಿಕೆಟ್ ದುಡ್ಡು ವಾಪಸ್ ಬಂತು, ಟ್ಯಾಕ್ಸಿಯದ್ದು ಹೋಯಿತು.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಆಸ್ಪತ್ರೆ, ಕೋರ್ಟ್ ಅಂತ ತಪ್ಪಿಸಲಾಗದ ಕೆಲಸ ಇದ್ದರೆ ನಾನು ರೈಲಿನಲ್ಲೇ ಹೋಗುತ್ತೇನೆ. ಉಳಿದ ತಿಂಗಳು ವಿಮಾನಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಜಯನಗರದವರು ಎರಡು ಕೊಟ್ಟರೂ ನಾನು ಜಗಳಕ್ಕೆ ಬರಲ್ಲ.